ವಾಕಿಟಾಕಿಗೆ ಅಂಗಿ ಹೊಲಿದ ಅತ್ತಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರಕಿನ ಯಾರ್ಡಿನ ಉಗ್ರಾಣದ ಮೂಲೆಯಲ್ಲಿ, ತಗಡಿನ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕೂತ ಹೆಂಗಸೊಬ್ಬರು ವಾಕಿಟಾಕಿಯೊಂದನ್ನು ಮೂಗಿನ ಹತ್ತಿರ ತಂದು ಮೂಸುತ್ತಾರೆ. ಮುಖ ಕಿವುಚುತ್ತಾರೆ.

“ಥಿನ್ನರ್! ಮತ್ತೆ ಥಿನ್ನರಲ್ಲೇ ಒರೆಸಿದಾನೆ. ತನ್ನ ಮುಖಕ್ಕೆ ಹಚ್ಕೊಳ್ತಾನಾ ಅದನ್ನ? ಇದಕ್ಕೆ ಮಾತ್ರ ಯಾಕಂತೆ?”

ಎದುರಿಗಿಲ್ಲದೆಯೂ ಬೈಸಿಕೊಳ್ಳುತ್ತಿರುವವನು ಅವರ ಮೈದುನ. ಕ್ರೇನಿನ ಕೆಳಗೆ ನಿಂತು ‘ಎತ್ತು, ಇಳಿಸು, ನಿಲ್ಲಿಸು’ ಎಂದು ವಾಕಿಟಾಕಿಯಲ್ಲಿ ಹೇಳುವುದು ಅವನ ಕೆಲಸ. ಅವನು ಕರೆದೂ ಕರೆದೂ ಇವರು ಯಾರ್ಡಿಗೆಲ್ಲ ‘ಅತ್ತಿಗೆ’ಯಾಗಿದ್ದಾರೆ. ಇವರಿಗಿಂತ ಹಿರಿಯರಾದ ಮೇಲ್ವಿಚಾರಕರಿಗೂ ಅತ್ತಿಗೆಯೇ. ಎಲೆಮರೆಯ ಕಾಯಿ ಎಂದು ಬರೆಯೋಣವೆಂದರೆ ಇಲ್ಲಿ ಎಲೆಯೆಂಬುದೇ ಇಲ್ಲ, ಎಲ್ಲ ಕಬ್ಬಿಣ. ಸದ್ದಿಲ್ಲದೆ ದುಡಿಯುವವರು ಎನ್ನೋಣವೆಂದರೆ ಅತ್ತಿಗೆಯ ಸದ್ದು ಗೇಟಿನಾಚೆಗೂ ಕೇಳುತ್ತದೆ.

ದಿನಕ್ಕೆ ನಲವತ್ತರ ಸುಮಾರು ವಾಕಿಟಾಕಿ ಸೆಟ್ಟುಗಳು ಈ ಮೇಜಿಗೆ ಬರುತ್ತವೆ. ಸ್ವಿಚ್ಚು ಆರಿಸಿ, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸುತ್ತಾರೆ. ಗುಂಡಿಗಳ ಸುತ್ತ ಕೂತ ಗ್ರೀಸಿಗೆ ಮೆತ್ತನೆಯ ಬ್ರಷ್ಷು, ಕೊನೆಗೆ ಒಣಬಟ್ಟೆ. ಬಣ್ಣ ತೆಳುಮಾಡುವ ಥಿನ್ನರ್ ಸೋಕಿದರೆ ಪ್ಲಾಸ್ಟಿಕ್ಕು ಬೆಳ್ಳಗೆ ಬಿರಿಯುತ್ತದೆ, ಬಿರುಕಿನಲ್ಲಿ ನೀರಿಳಿದು ಸೆಟ್ಟು ಮೂಕವಾಗುತ್ತದೆ. ಆ ಹೊತ್ತಿಗೆ ತಲೆಯ ಮೇಲೆ ಸರಕು ತೂಗುತ್ತಿದ್ದರೆ? ಅತ್ತಿಗೆ ಮೈದುನನ ಸೆಟ್ಟನ್ನು ಇನ್ನೊಮ್ಮೆ ಒರೆಸುತ್ತಾರೆ.

ಮೊದಲು ಇವರು ಯಾರ್ಡಿನಲ್ಲಿ ಕಸ ಗುಡಿಸುತ್ತಿದ್ದರು. ಗಂಡ ದರ್ಜಿ. ಅವರ ಕಣ್ಣು ಮಂಜಾದ ಮೇಲೆ ಮನೆಯ ಹೊಲಿಗೆ ಯಂತ್ರವೂ ಇವರ ಪಾಲಿಗೇ ಬಂತು. ಏಟು ತಿಂದು ಬಿರಿದ ಸೆಟ್ಟುಗಳನ್ನು ನೋಡಿ ನೋಡಿ ರೇಗಿ, ಕಳೆದ ತಿಂಗಳು ಹಳೆಯ ರೆಕ್ಸಿನ್ನಿನಲ್ಲಿ ಒಂದೊಂದಕ್ಕೂ ಅಂಗಿ ಹೊಲಿದರು. ಬಿಗಿಯಾಗಿ, ಗಂಡ ಮದುಮಗನ ಕೋಟು ಹೊಲಿಯುತ್ತಿದ್ದ ಹಾಗೆ.

ಬಿಗಿ ಸ್ವಲ್ಪ ಹೆಚ್ಚೇ ಆಯಿತು. ಮೈದುನನ ಸೆಟ್ಟಿನಲ್ಲಿ ಮಾತಾಡುವ ಗುಂಡಿ ಅಂಗಿಯೊಳಗೆ ಒತ್ತಿದಂತೆಯೇ ಉಳಿಯಿತು. ಒಬ್ಬರ ಗುಂಡಿ ಒತ್ತಿದ್ದರೆ ಆ ಚಾನೆಲ್ಲಿನಲ್ಲಿ ಮಿಕ್ಕವರ ಬಾಯಿ ಬಂದ್. ಅಂದು ಮೈದುನನ ಬಾಯಿಂದ ಯಾರ್ಡಿಗೆಲ್ಲ ಕೇಳಿಸಿದ್ದು ಇಷ್ಟು: “ಕರ್ರ್… ಆ ಮೇಲ್ವಿಚಾರಕ್ರಾ? ಅವರ ತಲೇಲಿ ಬ್ಯಾಟ್ರಿನೇ ಇಲ್ಲ ಮಾರಾಯಾ… ಕರ್ರ್… ಆಆಆವ್…” ಕೊನೆಯದು ಆಕಳಿಕೆ.

ಎಲ್ಲರೂ ನಗುತ್ತಿದ್ದರು, ಕ್ರೇನಿನವನೊಬ್ಬನನ್ನು ಬಿಟ್ಟು. ಕಟ್ಟಿದ ಸರಪಳಿ ಜಾರುತ್ತಿರುವುದು ಮೇಲಿನಿಂದ ಅವನಿಗೆ ಕಂಡಿತ್ತು, ಹೇಳಲು ದಾರಿಯಿರಲಿಲ್ಲ. ಕ್ರೇನಿನ ಹಾರ್ನ್ ಒತ್ತಿ ಹಿಡಿದ. ಜನ ಚೆದುರಿದರು. ಮೈದುನ ಆಕಳಿಸುತ್ತಾ ನಿಂತಿದ್ದ ಜಾಗದಲ್ಲೇ ಕಬ್ಬಿಣದ ಕಟ್ಟು ಬಂದು ಬಿತ್ತು.

ಯಾರಿಗೂ ಏನೂ ಆಗಲಿಲ್ಲ. ಅಂಗಿಗಳನ್ನೆಲ್ಲ ಮೇಲ್ವಿಚಾರಕರು ಅಂದೇ ಬಿಚ್ಚಿಸಿದರು. ಸೆಟ್ಟುಗಳು ಮತ್ತೆ ಬಿರಿಯತೊಡಗಿದವು.

“ತಪ್ಪು ನಂದೇ. ಅಲ್ಲ ಅಂತ ಯಾರಂದ್ರು?” ಅತ್ತಿಗೆ ಬಟ್ಟೆಯನ್ನು ಮೇಜಿಗೆ ಬಡಿಯುತ್ತಾರೆ. “ಆದ್ರೆ ಅಂಗಿ ಬಿಗಿ ಆಯ್ತು ಅಂತ ಯಾರಾದ್ರೂ ಬತ್ತಲೆ ಓಡಾಡ್ತಾರೇನ್ರೀ?”

ಈಗ ಹೊಸ ಅಂಗಿ ಹೊಲಿದಿದ್ದಾರೆ. ಗುಂಡಿಯ ಜಾಗದಲ್ಲಿ ಕಿಟಕಿ, ಅದರ ಸುತ್ತ ದಪ್ಪ ಅಂಚು. ಇವತ್ತು ಅದರ ಪರೀಕ್ಷೆ. ಗುಂಡಿ ಮತ್ತೆ ಸಿಕ್ಕಿಕೊಂಡರೆ ಅಂಗಿಯ ಮಾತನ್ನೇ ಎತ್ತುವಂತಿಲ್ಲ ಎಂದು ಮೇಲ್ವಿಚಾರಕರು ಹೇಳಿಬಿಟ್ಟಿದ್ದಾರೆ. ಅವರು ಮಾತಾಡುವುದು ಮೂಗಿನಿಂದ, ಪದಪದಕ್ಕೂ ಒಂದು ನಿಲ್ದಾಣ: “ಅತ್ತಿಗೇ… ನಿಮ್ಮನ್ನ… ನಂಬ್ತೀನಿ. ನಿಮ್ಮ ಹೊಲಿಗೆನ… ನಂಬಲ್ಲ.”

“ನಂಬಬೇಡಿ. ಕೇಳಿಸ್ಕೊಳ್ಳಿ.”

ಹೊರಗೆ ಖಾಲಿ ಕೊಕ್ಕೆಯ ಕೆಳಗೆ ಮೈದುನ ಹೊಸ ಅಂಗಿಯ ಸೆಟ್ಟು ಹಿಡಿದು ನಿಂತಿದ್ದಾನೆ. ಮೇಲ್ವಿಚಾರಕರ ಕೈಯ ಸೆಟ್ಟು ಗೊರಗುಡುತ್ತದೆ: “ಎತ್ತು. ಓವರ್.”

ಆಮೇಲೆ ಕರ್ರ್ ಇಲ್ಲ, ಆಕಳಿಕೆ ಇಲ್ಲ. ಅತ್ತಿಗೆ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಾರೆ, ಅದರಲ್ಲಿ ನೀರು ಉಳಿದಿಲ್ಲ. ಆಗ ಮೇಲಿನಿಂದ ಕ್ರೇನಿನವನ ದನಿ ಬರುತ್ತದೆ: “ಕೇಳಿಸ್ತು. ಎತ್ತುತಾ ಇದೀನಿ.”

ಒಡನೆಯೇ ಮೈದುನನದು: “ಅತ್ತಿಗೇ! ಕೇಳಿಸ್ತಾ? ನನ್ನ ದನಿ ಚೆನ್ನಾಗಿದ್ಯಾ? ಓವರ್.”

ಅತ್ತಿಗೆ ಮೇಲ್ವಿಚಾರಕರ ಕೈಯಿಂದ ಸೆಟ್ಟು ಕಿತ್ತುಕೊಳ್ಳುತ್ತಾರೆ. “ನಿಂದು ಯಾವಾಗ್ಲೂ ಓವರ್ರೇ. ಹರಟೆ ಬಿಟ್ಟು ಮೇಲೆ ನೋಡೋ, ಕೊಕ್ಕೆ ನೋಡು!”

ಮೇಲ್ವಿಚಾರಕರು ಕೆಮ್ಮುತ್ತಾರೆ. “ಎಲ್ಲಾ ಸೆಟ್ಟಿಗೂ… ಹೊಲೀರಿ.”

ಅತ್ತಿಗೆ ಮುಂದಿನ ಸೆಟ್ಟು ಎತ್ತಿಕೊಂಡು ಮೂಸಿ, ಮತ್ತೆ ಹುಬ್ಬು ಗಂಟಿಕ್ಕುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ತಲೆಯೆತ್ತದೆ ಹೇಳುತ್ತಾರೆ:

“ಆಸೆ ಏನ್ ಬಂತು? ಅವನು ದಿನಾ ಸಂಜೆ ನೆಟ್ಟಗೆ ಮನೆಗೆ ಬಂದು ನನ್ನ ಹತ್ರ ಬೈಸ್ಕೊಳ್ಲಿ. ಅಷ್ಟೇ.”