ನೆಲದ ಮೇಲೆ ನಾಲ್ಕು ಚಕ್ರ

ಆರ್ಡಿತ್ ಟೊಲೆಫ್ಸನ್ ಉತ್ತರ ಡಕೋಟದಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅಷ್ಟೂ ವರ್ಷ, ಬಸ್ಸಿಗೆ ಒಂದು ಸುತ್ತು ಹಾಕಿ, ಟೈರು ಒದ್ದು, ದೀಪಗಳನ್ನೆಲ್ಲ ಉರಿಸಿ ನೋಡದೆ ಒಂದು ದಿನವೂ ಸೀಟಿನಲ್ಲಿ ಕೂತವಳಲ್ಲ. ಅಂಥವಳು ಅರವತ್ತೇಳನೆಯ ವಯಸ್ಸಿನಲ್ಲಿ, ಕಾರಿನೊಳಗೇ ಇದ್ದ ಒಂದು ಪುಸ್ತಕವನ್ನು ತೆರೆದು ನೋಡದೆ ಆರು ಸಾವಿರದ ಎಂಟುನೂರು ಡಾಲರು ಕೊಟ್ಟುಬಿಟ್ಟಳು. ಆ ಪುಸ್ತಕವನ್ನು ತೆರೆಯಬೇಕೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನು ಕಾರು ಮಾರಿದವನು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗಂಡ ತೀರಿಕೊಂಡ ಮೇಲೆ ಆಕೆ ಮನೆ ಮಾರಿ ಮೂವತ್ತನಾಲ್ಕು ಅಡಿಯ ಹಳೆಯ ಮೋಟರ್‌ಹೋಮ್, ಎಂದರೆ ಬಸ್ಸಿನಂಥ ಓಡುವ ಮನೆ, ಕೊಂಡಿದ್ದಳು. ಚಳಿಗಾಲವನ್ನು ಅರಿಜೋನದ ಮರಳುಗಾಡಿನಲ್ಲಿ, ಇಂಥ ಗಾಡಿಗಳು ಬಾಡಿಗೆಗೆ ನಿಲ್ಲುವ ನಮ್ಮ ಪಾರ್ಕಿನಲ್ಲಿ ಕಳೆಯುತ್ತಾಳೆ. ನಾನು ಇಲ್ಲಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆಗೆ ಮೊಂಟಾನದ ಒಂದು ಸರೋವರದ ದಂಡೆಗೆ ಹೋಗುತ್ತಾಳೆ. ಅಲ್ಲಿ ಆಕೆ ಶಿಬಿರದ ಮೇಲ್ವಿಚಾರಕಿ. ಬಂದವರಿಗೆ ಜಾಗ ತೋರಿಸುವುದು, ಕಕ್ಕಸು ತೊಳೆಯುವುದು, ಆರದ ಬೆಂಕಿಗೆ ನೀರು ಸುರಿಯುವುದು ಅವಳ ಕೆಲಸ. ಅದಕ್ಕೆ ಬದಲಾಗಿ ನಿಲ್ಲಲು ಜಾಗ, ನೀರು, ಕರೆಂಟು ಪುಕ್ಕಟೆ, ಮೇಲೆ ಚೂರು ಸಂಬಳ. ಅದಿಲ್ಲದಿದ್ದರೆ ಬೇಸಿಗೆಯ ಬಾಡಿಗೆಗೆ ಆಕೆಯ ಪಿಂಚಣಿ ಸಾಲುವುದಿಲ್ಲ.

ಜನವರಿಯಲ್ಲಿ ಆ ಸರೋವರದಿಂದ ಒಂದು ಕಾಗದ ಬಂತು. ಈ ವರ್ಷದಿಂದ ಮೇಲ್ವಿಚಾರಕರ ಬಳಿ ಸ್ವಂತ ಕಾರು ಇರಲೇಬೇಕು, ಶಿಬಿರದ ಶುಲ್ಕವನ್ನು ದಿನವೂ ಇಪ್ಪತ್ತೆಂಟು ಮೈಲಿ ದೂರದ ಬ್ಯಾಂಕಿಗೆ ಕಟ್ಟಬೇಕು, ಮೇ ಒಂದರೊಳಗೆ ಕಾರು ಸಮೇತ ಬರದಿದ್ದರೆ ಜಾಗ ಬೇರೆಯವರಿಗೆ ಎಂದಿತ್ತು.

"ದಿನಾ ನೀರಿನ ಪೈಪು, ಕೊಳಚೆ ಪೈಪು ಎಲ್ಲಾ ಕಿತ್ತು, ಮನೇನೇ ಬ್ಯಾಂಕಿಗೆ ಓಡಿಸ್ಕೊಂಡು ಹೋಗೋಕಾಗತ್ತಾ? ಒಬ್ಬಳೇ ಎರಡು ಗಾಡಿ ಓಡ್ಸಕ್ಕೂ ಆಗಲ್ಲ. ಎಲ್ರ ಥರ ನಾನೂ ಹಿಂದೆ ಒಂದು ಕಾರು ಕಟ್ಕೋಬೇಕು ಅಷ್ಟೆ," ಎಂದಳು ಆರ್ಡಿತ್.

ಹೆದ್ದಾರಿಯ ಪಕ್ಕದಲ್ಲಿ ಕ್ಲಿಂಟ್ ಬಾಸ್ಕಮ್ ಎಂಬವನ ಹಳೇ ಕಾರುಗಳ ಅಂಗಡಿಯಿದೆ. ಚಳಿಗಾಲ ಬಂತೆಂದರೆ ಅವನ ಸಣ್ಣ ಕಾರುಗಳ ಮುಂಗಾಜಿನ ಮೇಲೆಲ್ಲ ಬಿಳಿ ಬಣ್ಣದ ಅಕ್ಷರ: 'ಮೋಟರ್‌ಹೋಮ್ ಹಿಂದೆ ಎಳೆಯಲು ಸಿದ್ಧ!' ನಮ್ಮಂಥ ಪಾರ್ಕುಗಳ ಮುದುಕರೇ ಅವನ ಬೆಳೆ.

"ನಾಲ್ಕೂ ಚಕ್ರ ನೆಲದ ಮೇಲೇ, ಚಿನ್ನಾ," ಎಂದಿದ್ದನಂತೆ ಆರ್ಡಿತ್‌ಗೆ. "ಕಟ್ಟಿ, ಎಳ್ಕೊಂಡು ಹೋಗ್ತಾ ಇರಿ. ಅಲಾಸ್ಕವರೆಗೂ ಹೋಗಿ, ಯಾರು ಬೇಡ ಅಂದ್ರು?"

ಆಕೆ ನಂಬಿ ಕಾರು ಕೊಂಡಳು. ಮಾರನೆಯ ವಾರ ಎಳೆಯುವ ಸಾಮಾನು ಹಾಕಿಸಲು ರೂಬೆನ್‌ನ ಗ್ಯಾರೇಜಿಗೆ ಹೋದಾಗ ನಾನೂ ಜೊತೆಗಿದ್ದೆ. ರೂಬೆನ್ ಒಳ್ಳೆಯ ಕೆಲಸಗಾರ, ಸುತ್ತಿ ಬಳಸಿ ಮಾತಾಡುವವನಲ್ಲ. ಬೆರಳು ಮಡಿಸುತ್ತ ಹೇಳಿದ.

"ಕಾರಿನ ಮೂತಿ ಬಿಚ್ಚಿ ಒಳಗೆ ಕೂರಿಸೋ ಕಬ್ಬಿಣದ ಚೌಕಟ್ಟು ಐನೂರೈವತ್ತು. ಎಳೆಯೋ ದಂಡ ಸಾವಿರದ ನೂರು. ಹಿಂದಿನ ದೀಪಕ್ಕೆ ವೈರು ಇನ್ನೂರೈವತ್ತು. ಬ್ರೇಕು ಸಾವಿರದ ನಾನೂರು. ನನ್ನ ಕೂಲಿ ಸಾವಿರದೈನೂರು."

"ಕಾರಿಗೆ ಬ್ರೇಕ್ ಇದೆಯಲ್ಲಪ್ಪಾ?"

"ಇದೆ. ತುಳಿಯೋರು ಯಾರು? ಒಳಗೆ ಯಾರೂ ಕೂತಿರಲ್ವಲ್ಲ. ನೀವು ಮುಂದೆ ತುಳಿದಾಗ ಈ ಯಂತ್ರ ಹಿಂದೆ ತುಳಿಯತ್ತೆ."

"ಸಾವಿರದ ನಾನೂರಕ್ಕೆ ಒಬ್ಬ ಮನುಷ್ಯನ್ನೇ ಕೂರಿಸ್ತೀನಿ ಬಿಡು, ಊಟ ಹಾಕಿ!" ಆರ್ಡಿತ್‌ಳ ಕಿವಿ ಕೆಂಪಾಗಿತ್ತು. "ನಾಲ್ಕು ಸಾವಿರದ ಎಂಟುನೂರು! ಕುದುರೆಗೊಂದು ದುಡ್ಡು, ಅದರ ಲಗಾಮಿಗೆ ಇನ್ನೊಂದು ಕುದುರೆ ದುಡ್ಡಾ?"

"ಬೇಕಾದ್ರೆ ಬ್ರೇಕ್ ಬಿಟ್ಬಿಡಿ. ಎಷ್ಟೋ ಜನ ಹಾಕ್ಸಲ್ಲ."

ಆಗ ಆಕೆಯ ದನಿ ತಣ್ಣಗಾಯಿತು. "ಬ್ರೇಕ್ ಬಿಡೋ ಮಾತು ನನ್ನ ಹತ್ರ ಆಡ್ಬೇಡ. ಐವತ್ತು ಮಕ್ಕಳನ್ನ ಹಿಮದಲ್ಲಿ ಇಳಿಜಾರು ಇಳಿಸಿದೋಳು ನಾನು. ಬರಿ, ಬ್ರೇಕನ್ನೂ ಬರಿ."

ಇಲ್ಲಿ ನನ್ನದೊಂದು ಮಾತಿದೆ. ಈ ಲೆಕ್ಕವನ್ನು ಒಟ್ಟಾಗಿ ಹೇಳುವವರು ಯಾರೂ ಇಲ್ಲ. ಕಾರು ಮಾರುವವನು ಕಾರಿನ ಬೆಲೆ ಹೇಳುತ್ತಾನೆ, ದಂಡ ಮಾರುವವನು ದಂಡದ್ದು. ಪತ್ರಿಕೆಗಳ ಚಿತ್ರದಲ್ಲಿ ಬೆಳ್ಳಿಕೂದಲ ಗಂಡಹೆಂಡತಿ ನಗುತ್ತಿರುತ್ತಾರೆ, ಹಿಂದೆ ಕೆಂಪು ಕಾರೊಂದು ತಾನೇ ಪ್ರೀತಿಯಿಂದ ಹಿಂಬಾಲಿಸುತ್ತಿರುವಂತೆ ಕಾಣುತ್ತದೆ. ಕಾರು ಕೊಂಡು ಹಿಂದಿರುಗಲಾಗದ ಮೇಲೆ ಒಂದೊಂದೇ ಚೀಟಿ ಕೈಗೆ ಬರುತ್ತದೆ. ಜೀವಮಾನವಿಡೀ ದುಡಿದು ನಾಲ್ಕು ಕಾಸು ಉಳಿಸಿದವರಿಗೆ ಮೊದಲೇ ನಿಜ ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು?

ರೂಬೆನ್ ಚೀಟಿ ಬರೆಯುತ್ತ ಕಾರಿನ ಕಡೆ ನೋಡಿದ. "ಇದೇನಾ ಗಾಡಿ? ಪುಸ್ತಕ ಓದಿದ್ರಾ?"

"ಯಾವ ಪುಸ್ತಕ?"

ಅವನು ಮುಂದಿನ ಸೀಟಿನೆದುರಿನ ಗೂಡು ತೆರೆದು, ತಯಾರಕರು ಕೊಟ್ಟ ದಪ್ಪ ಪುಸ್ತಕ ತೆಗೆದು, ಪುಟ ಮಗುಚಿ, ಒಂದು ಸಾಲಿನ ಮೇಲೆ ಗ್ರೀಸಿನ ಬೆರಳಿಟ್ಟ. 'ನಾಲ್ಕೂ ಚಕ್ರಗಳು ನೆಲದ ಮೇಲಿರುವಂತೆ ಈ ವಾಹನವನ್ನು ಎಳೆಯಬಾರದು. ಎಳೆದರೆ ಗೇರುಪೆಟ್ಟಿಗೆ ಪೂರ್ತಿ ಹಾಳಾಗುತ್ತದೆ.'

"ಎಂಜಿನ್ ನಿಂತಿದ್ರೆ ಗೇರಿಗೆ ಎಣ್ಣೆ ಹೋಗಲ್ಲಮ್ಮಾ. ನೂರು ಮೈಲಿ ಹೋಗೋದ್ರೊಳಗೆ ಸುಟ್ಟು ಕರಿ. ನಾನಿದಕ್ಕೆ ಕೈ ಹಚ್ಚಲ್ಲ, ಕ್ಷಮಿಸಿ."

ಆರ್ಡಿತ್ ಆ ಸಾಲನ್ನು ಮೂರು ಸಲ ಓದಿದಳು. ಪಾರ್ಕಿಗೆ ಬಂದು ಕಾರಿಳಿಯುವಾಗ, "ಮೂವತ್ತೊಂದು ವರ್ಷ ಟೈರು ಒದ್ದೆ. ಒಂದು ಪುಟ ಓದಲಿಲ್ಲ," ಎಂದಳು.

ಬಾಸ್ಕಮ್‌ಗೆ ಫೋನು ಮಾಡಿದರೆ ಅವನು ನಕ್ಕ. "ಇದ್ದದ್ದು ಇದ್ದ ಹಾಗೇ ತಗೊಂಡೆ ಅಂತ ಸಹಿ ಹಾಕಿದೀರಿ, ಚಿನ್ನಾ. ಮುಗೀತಲ್ಲ."

"ನನ್ನಪ್ಪನೇ ನನ್ನ ಚಿನ್ನ ಅಂದಿಲ್ಲ, ನೀನ್ಯಾವನಯ್ಯಾ?" ಎಂದು ಫೋನಿಟ್ಟಳು.

ಪಕ್ಕದ ಜಾಗದಲ್ಲಿ ವೆಂಡಲ್ ಎಂಬ ಎಪ್ಪತ್ತೆಂಟರ ಮುದುಕನಿದ್ದಾನೆ. ಅವನ ಬಳಿ ಎರಡು ಚಕ್ರದ ಒಂದು ತಗ್ಗು ಬಂಡಿಯಿದೆ. ಕಾರಿನ ಮುಂದಿನ ಚಕ್ರಗಳನ್ನು ಅದರ ಮೇಲೇರಿಸಿ ಎಳೆಯಬಹುದು. ಮೊಂಟಾನಕ್ಕೆ ಕೊಡಲು ಅವನಿಂದಾಗದು, ಮಾರ್ಚಿನಲ್ಲಿ ಅವನಿಗೇ ಅದು ಬೇಕು. ಒಂದು ದಿನದ ಮಟ್ಟಿಗೆ ಆರ್ಡಿತ್ ಬೇಡಿದಳು.

"ಒಂದು ದಿನಕ್ಕೆ ಯಾಕೆ?" ಎಂದ ವೆಂಡಲ್.

"ಕಾರು ವಾಪಸ್ ಕೊಡೋಕೆ."

"ಕಾರನ್ನ ಓಡಿಸ್ಕೊಂಡೇ ಹೋಗಬಹುದಲ್ಲ?"

"ಓಡಿಸ್ಕೊಂಡು ಹೋದ್ರೆ ಮೂಲೇಲಿ ನಿಲ್ಲಿಸು ಅಂತಾನೆ."

ವೆಂಡಲ್ ಸ್ವಲ್ಪ ಯೋಚಿಸಿದ, ಆಮೇಲೆ ಹೊಟ್ಟೆ ಕುಣಿಯುವಂತೆ ನಗತೊಡಗಿದ. ಅವನೂ ನಾನೂ ಮೋಟರ್‌ಹೋಮ್ ಹತ್ತಿ ಜೊತೆಗೆ ಹೊರಟೆವು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ, ವ್ಯಾಪಾರದ ಹೊತ್ತು. ಆರ್ಡಿತ್ ತನ್ನ ಮನೆ, ಬಂಡಿ, ಅದರ ಮೇಲೆ ಮೂತಿಯೆತ್ತಿ ಕೂತ ಕಾರು, ಎಲ್ಲ ಸೇರಿ ಐವತ್ತು ಅಡಿಗೂ ಮಿಕ್ಕ ಸಾಲನ್ನು ಬಾಸ್ಕಮ್‌ನ ಅಂಗಡಿಯ ಏಕೈಕ ದಾರಿಗೆ ತಿರುಗಿಸಿ, ಅವನ ಕಚೇರಿಯ ಮೆಟ್ಟಿಲಿಗೆ ಎರಡಡಿ ಇರುವಾಗ ನಿಲ್ಲಿಸಿದಳು. ಒಳಗಿದ್ದ ಕಾರು ಹೊರಗೆ ಹೋಗುವಂತಿಲ್ಲ, ಹೊರಗಿದ್ದದ್ದು ಒಳಗೆ ಬರುವಂತಿಲ್ಲ.

ಬಾಸ್ಕಮ್ ಕೈಬೀಸುತ್ತ ಓಡಿಬಂದ. "ಏನಮ್ಮಾ ಇದು! ಹಿಂದಕ್ಕೆ ತೆಗೀರಿ!"

"ಹಿಂದಕ್ಕೆ ಹೋಗಲ್ಲ."

"ಹೋಗಲ್ಲ ಅಂದ್ರೆ?"

"ಬಂಡಿ ಕಟ್ಕೊಂಡು ರಿವರ್ಸ್ ಹೋದ್ರೆ ಎಲ್ಲಾ ತಿರುಚಿ ಮುರಿಯತ್ತೆ. ಎಳೆಯೋ ಕಾರು ಮಾರೋನು ನೀನು, ಅಷ್ಟೂ ಗೊತ್ತಿಲ್ವಾ?"

ಕಾರು ನೋಡಲು ಬಂದಿದ್ದ ಏಳೆಂಟು ಮಂದಿ, ಎಲ್ಲ ನಮ್ಮಂಥವರೇ, ಹತ್ತಿರ ಬಂದರು. ವೆಂಡಲ್ ಗಂಭೀರವಾಗಿ ತಲೆಯಾಡಿಸಿ, "ಖಂಡಿತ ಮುರಿಯತ್ತೆ. ನನ್ನದೇ ಬಂಡಿ," ಎಂದ.

ಆರ್ಡಿತ್ ಕತ್ತಿನ ದಾರದಲ್ಲಿದ್ದ ಕನ್ನಡಕ ಏರಿಸಿಕೊಂಡು, 'ಎಳೆಯಲು ಸಿದ್ಧ' ಎಂದು ಬರೆದಿದ್ದ ಮೊದಲ ಕಾರಿನ ಬಾಗಿಲು ತೆರೆದಳು. ಗೂಡಿನಿಂದ ಪುಸ್ತಕ ತೆಗೆದಳು. ಶಾಲೆಯ ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುತ್ತಿದ್ದ ಅದೇ ದನಿಯಲ್ಲಿ ಓದಿದಳು: "ಎಳೆಯಬಾರದು." ಎರಡನೆಯದು: "ಎಳೆಯಬಾರದು." ಮೂರನೆಯದಕ್ಕೆ ಪುಸ್ತಕವೇ ಇರಲಿಲ್ಲ. "ಇದರ ಪುಸ್ತಕ ಯಾರು ತಿಂದ್ರು, ಬಾಸ್ಕಮ್?" ನಾಲ್ಕನೆಯದು: "ಎಳೆಯಬಾರದು."

ಒಬ್ಬ ಹೆಂಗಸು ಚೀಲದಿಂದ ತೆಗೆದಿದ್ದ ಚೆಕ್ ಪುಸ್ತಕವನ್ನು ವಾಪಸು ಹಾಕಿ ಜಿಪ್ಪು ಎಳೆದಳು. ಆ ಸದ್ದು ಬಾಸ್ಕಮ್‌ಗೆ ಸರಿಯಾಗಿಯೇ ಕೇಳಿಸಿರಬೇಕು.

"ಆಯ್ತು, ಒಳಗೆ ಬನ್ನಿ, ಮಾತಾಡೋಣ," ಎಂದ ಹಲ್ಲು ಕಚ್ಚಿ.

"ಇಲ್ಲೇ ಮಾತಾಡು. ಎಲ್ರೂ ಕೇಳಲಿ."

ಬಾಸ್ಕಮ್ ಕಾರು ವಾಪಸು ಪಡೆದು, ಕಾಗದಪತ್ರದ ಖರ್ಚೆಂದು ಇನ್ನೂರ ನಲವತ್ತು ಡಾಲರು ಮುರಿದುಕೊಂಡು ಉಳಿದದ್ದಕ್ಕೆ ಚೆಕ್ಕು ಬರೆದ. ವೆಂಡಲ್ ಅದಕ್ಕೂ ಜಗಳ ತೆಗೆಯಲು ಹೊರಟಾಗ ಆರ್ಡಿತ್ ತಡೆದಳು. "ಬಿಡು ವೆಂಡಲ್. ಅದು ಪುಸ್ತಕ ಓದದೇ ಇದ್ದದ್ದಕ್ಕೆ ನಾನು ಕಟ್ಟೋ ದಂಡ." ಬಾಸ್ಕಮ್ ಕಡೆ ತಿರುಗಿದಳು. "ನಿನ್ನ ದಂಡ ಇನ್ನೂ ಹಾಗೇ ಇದೆ." ಆಮೇಲೆ ನಾವು ಬಂಡಿಯಿಂದ ಕಾರಿಳಿಸಿ, ಬಂಡಿ ಬಿಚ್ಚಿ, ಒಂದಿಷ್ಟೂ ಅವಸರವಿಲ್ಲದೆ ದಾರಿ ಬಿಟ್ಟೆವು.

ಬೇರೆ ಕಾರು ಕೊನೆಗೆ ಸಿಕ್ಕಿದ್ದು ನಮ್ಮ ಪಾರ್ಕಿನ ಬಟ್ಟೆ ಒಗೆಯುವ ಕೋಣೆಯ ಜಾಹೀರಾತು ಹಲಗೆಯಲ್ಲಿ. ಅಯೋವದ ದಂಪತಿಗಳಿಬ್ಬರು ಅಲೆದಾಟ ಮುಗಿಸಿ ಮಗಳ ಊರಿನಲ್ಲಿ ನೆಲೆಸಲು ಹೊರಟಿದ್ದರು. ಹದಿನೈದು ವರ್ಷದ ಕಾರು, ಚೌಕಟ್ಟು ಮೊದಲೇ ಕೂರಿಸಿದ್ದು, ದಂಡವೂ ಸೇರಿ ನಾಲ್ಕು ಸಾವಿರದ ಇನ್ನೂರು. ಅಷ್ಟು ಅಗ್ಗವೇಕೆಂದರೆ ಕೈಯಿಂದ ಗೇರು ಹಾಕುವ ಗಾಡಿ. ಈ ದೇಶದಲ್ಲಿ ಈಗಿನವರಿಗೆ ಅದು ಬರುವುದಿಲ್ಲ. ಆರ್ಡಿತ್ ಕಾರನ್ನು ನೋಡಲು ಹೋಗಲಿಲ್ಲ. ಮೊದಲು ಅದರ ಪುಸ್ತಕ ತರಿಸಿಕೊಂಡು, ಒಗೆಯುವ ಯಂತ್ರಕ್ಕೆ ಒರಗಿ ನಿಂತು ಓದಿದಳು. 'ಗೇರು ನ್ಯೂಟ್ರಲ್‌ನಲ್ಲಿಟ್ಟು, ನಾಲ್ಕೂ ಚಕ್ರಗಳು ನೆಲದ ಮೇಲಿರುವಂತೆ ಎಳೆಯಬಹುದು.' ಆಮೇಲೆ ಕಾರು ನೋಡಲು ಚಪ್ಪಲಿ ಮೆಟ್ಟಿಕೊಂಡಳು. ರೂಬೆನ್ ಬ್ರೇಕು, ದೀಪ ಹಾಕಿ, ಎಲ್ಲ ಸೇರಿ ಎರಡು ಸಾವಿರ ತೆಗೆದುಕೊಂಡ. ಆಕೆ ಅದಕ್ಕೂ ಬೈದೇ ಕೊಟ್ಟಳು.

ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಹೊರಟಾಗ, ನಮ್ಮಲ್ಲಿ ಯಾರು ಹೊರಟರೂ ಮಾಡುವಂತೆ, ನೆರೆಯವರೆಲ್ಲ ಕಾರಿನ ಎರಡೂ ಬದಿ ನಡೆದು ಚಕ್ರಗಳು ಸಿಕ್ಕಿಕೊಳ್ಳದೆ ತಿರುಗುತ್ತಿವೆಯೇ ಎಂದು ನೋಡಿದೆವು. "ನನ್ನ ಕಡೆ ಎರಡೂ ತಿರುಗ್ತಿದೆ!" ಎಂದು ಕೂಗಿದೆ. ಆಚೆಯಿಂದ ಮತ್ತೊಬ್ಬರು ಹಾಗೇ ಕೂಗಿದರು. ಆಕೆ ಒಮ್ಮೆ ಹಾರನ್ ಒತ್ತಿ ಹೊರಟುಹೋದಳು.

ಮೇ ಮೊದಲ ವಾರ ಸರೋವರದ ಚಿತ್ರವಿದ್ದ ಒಂದು ಕಾರ್ಡು ಬಂತು. 'ಇಪ್ಪತ್ತೊಂಬತ್ತಕ್ಕೇ ತಲುಪಿದೆ. ಇವತ್ತು ಬ್ಯಾಂಕಿಗೆ ಹೋಗಿಬಂದೆ, ಮನೆ ಇದ್ದಲ್ಲೇ ಇತ್ತು. ಬಾಸ್ಕಮ್‌ನ ಗಾಜಿನ ಮೇಲೆ ಏನು ಬರೆದಿದೆ?'

ಹೋಗಿ ನೋಡಿದೆ. ಅದೇ ಬಿಳಿ ಬಣ್ಣ, ಅದೇ ಅಕ್ಷರ, ಈ ಸಲ ಒಂಬತ್ತು ಕಾರುಗಳ ಮೇಲೆ. ಕಚೇರಿಗೆ ಬಂದು, ಕಾರು ಹಿಂದಿರುಗಿಸುವ ಮೊದಲು ಆಕೆ ತೆಗೆಸಿ ಬಿಟ್ಟುಹೋಗಿದ್ದ 'ಎಳೆಯಬಾರದು' ಪುಟದ ನಕಲುಗಳಲ್ಲಿ ಒಂದನ್ನು ಬಟ್ಟೆ ಒಗೆಯುವ ಕೋಣೆಯ ಹಲಗೆಗೆ ನಾಲ್ಕು ಮೊಳೆ ಹೊಡೆದು ನಿಲ್ಲಿಸಿದೆ. ಉಳಿದ ನಕಲುಗಳು ಮೇಜಿನ ಮೇಲಿವೆ. ಶನಿವಾರ ಹತ್ತು ಗಂಟೆಗೆ ಅವನ್ನು ಹಿಡಿದು ಬಾಸ್ಕಮ್‌ನ ಬಾಗಿಲಲ್ಲಿ ನಿಲ್ಲುತ್ತೇನೆ.