ಕರೇಮಡುವಿನ ಬಿಲ್ಲೆ ಮೀನು

ದುರುಗವ್ವ ಜೀವಮಾನದಲ್ಲಿ ಒಂದೇ ಸುಳ್ಳು ಹೇಳಿದಳು ಎಂದರೆ ನೀವು ನಂಬಬೇಡಿ. "ಇಗೋ ಬಂದೆ" ಎಂದು ಆಚೆ ದಡದಿಂದ ಕೂಗಿ, ಎಲೆಅಡಿಕೆ ಅಗಿದು ಮುಗಿಸಿಯೇ ಹರಿಗೋಲು ತಿರುಗಿಸುವ ಅಂಬಿಗರ ಜನ ಅವರು. ಆದರೆ ಒಂದು ಸುಳ್ಳಿನಿಂದ ಆಕೆ ಒಂದು ಮಡುವನ್ನು ಒಂದೂವರೆ ವರ್ಷ ಕಾಯ್ದಳು. ಅದೇ ಸುಳ್ಳು ಒಬ್ಬನ ಜೀವ ತೆಗೆಯಲು ಹೊರಟಾಗ ಏನು ಮಾಡಿದಳು ಎನ್ನುವುದನ್ನು ಕಣ್ಣಾರೆ ಕಂಡವನು ನಾನು.

ನನ್ನ ಹೆಸರು ನಬೀ ಸಾಬ್. ದಾವಣಗೆರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಕಪ್ಪೆ ಹಿಡಿದು ತರುವುದು, ಸೀಸೆ ತೊಳೆಯುವುದು ನನ್ನ ಕೆಲಸ. ೧೯೬೨ರಲ್ಲಿ ಉಮಾಮಹೇಶ್ವರಿ ಎಂಬ ಲೆಕ್ಚರರ್ ಬಂದರು. ಪಿ.ಜೆ. ಬಡಾವಣೆಯಲ್ಲಿ ಒಬ್ಬರೇ ಮನೆ ಮಾಡಿಕೊಂಡಿದ್ದರು. ಅದಕ್ಕೇ ಅರ್ಧ ಊರಿಗೆ ಹೊಟ್ಟೆನೋವು. ಅವರ ಸಂಶೋಧನೆ ತುಂಗಭದ್ರೆಯ ಮೇಲೆ. ಕೆಳಗೆ ಹೊಸಪೇಟೆ ಹತ್ತಿರ ಅಣೆಕಟ್ಟು ಬಂದು ಸುಮಾರು ಹತ್ತು ವರ್ಷವಾಗಿತ್ತು, ಮೇಲೆ ಭದ್ರೆಗೂ ಒಂದು ಎದ್ದಿತ್ತು. ನಡುವೆ ಸಿಕ್ಕಿಬಿದ್ದ ಮೀನು ಮೊಟ್ಟೆ ಇಡಲು ಎಲ್ಲಿಗೆ ಹೋಗುತ್ತದೆ ಎನ್ನುವುದು ಅವರ ಪ್ರಶ್ನೆ.

ಅದಕ್ಕೊಂದು ಉಪಾಯ ಮಾಡಿದರು. ಗೆಂಡೆ ಮೀನು ಹಿಡಿದು, ಬೆನ್ನಿನ ರೆಕ್ಕೆಗೆ ನಂಬರಿನ ಹಿತ್ತಾಳೆ ಬಿಲ್ಲೆ ಕಟ್ಟಿ, ಹರಿಹರದ ಸೇತುವೆ ಕೆಳಗೆ ಬಿಡುವುದು. ಮುಂದೆ ಎಲ್ಲಾದರೂ ಬೆಸ್ತರ ಬಲೆಗೆ ಬಿದ್ದರೆ ಅವರು ಬಿಲ್ಲೆ ತಂದುಕೊಡಬೇಕು. ಆಗ ಮೀನು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಸ್ಟೋವ್ ರಿಪೇರಿ ಮಾಡುವ ಮಸ್ತಾನಸಾಬ್ ಕಡಲೆಬೇಳೆಯಷ್ಟು ಬಿಲ್ಲೆಗಳನ್ನು ಮಾಡಿಕೊಟ್ಟ. ಮುನ್ನೂರು ಕಟ್ಟಿ ಬಿಟ್ಟೆವು. ಒಂದೂವರೆ ವರ್ಷದಲ್ಲಿ ಒಂದೇ ಒಂದು ವಾಪಸ್ ಬರಲಿಲ್ಲ.

ನಮ್ಮನ್ನು ಹೊಳೆಯ ಮೇಲೆ ಕರೆದೊಯ್ಯುತ್ತಿದ್ದವಳು ದುರುಗವ್ವ. ಹರಿಗೋಲು ಮೊದಲು ಅವಳ ಗಂಡ ಗಿಡ್ಡಪ್ಪನದು. ಗಿಡ್ಡಪ್ಪ ಮತ್ತು ಅವನ ತಮ್ಮ ಭರಮಣ್ಣ ಕಲ್ಲುಕ್ವಾರಿಯ ಸಿಡಿಮದ್ದಿನ ತೋಟಾ ಕದ್ದು ತಂದು, ಬತ್ತಿ ಹಚ್ಚಿ ಹೊಳೆಗೆ ಎಸೆಯುತ್ತಿದ್ದರು. ತೋಟಾ ಸಿಡಿದರೆ ಮೀನು, ಮರಿ, ಮೊಟ್ಟೆ, ಹುಳ ಎಲ್ಲ ಒಟ್ಟಿಗೇ ಸಾಯುತ್ತವೆ. ಅರ್ಧ ತೇಲುತ್ತದೆ, ಅರ್ಧ ತಳದಲ್ಲಿ ಕೊಳೆಯುತ್ತದೆ. ಉದ್ದ ಬತ್ತಿ ನೀರಿನಲ್ಲಿ ಆರಿಹೋಗುತ್ತದೆಂದು ಭರಮಣ್ಣ ಒಂದು ದಿನ ಬತ್ತಿಯನ್ನು ಬೆರಳುದ್ದಕ್ಕೆ ಕತ್ತರಿಸಿ ಅಣ್ಣನ ಕೈಗೆ ಕೊಟ್ಟ. ಎಸೆಯುವ ಮೊದಲೇ ಅದು ಸಿಡಿದು ಅಣ್ಣ ಅಲ್ಲೇ ಸತ್ತ. ಗಿಡ್ಡಪ್ಪನಿಗೆ ಮೊಣಕೈ ಕೆಳಗೆ ಏನೂ ಉಳಿಯಲಿಲ್ಲ, ಮುಖದಲ್ಲಿ ಗುರುತು ಹಿಡಿಯುವಂಥದ್ದೂ ಉಳಿಯಲಿಲ್ಲ. ದುರುಗವ್ವ ಮರಳಿನಲ್ಲಿ ಗಂಡನ ಬೆರಳು ಆಯ್ದು ಸೆರಗಿಗೆ ಕಟ್ಟಿಕೊಂಡಳಂತೆ. ಆವತ್ತಿನಿಂದ ಮೈದುನನ ಜೊತೆ ಮಾತಿಲ್ಲ. ಆ ಮಾನಗೆಟ್ಟವನು ಮಾತ್ರ ತೋಟಾ ಬಿಡಲಿಲ್ಲ. ನಾಯಿ ಬಾಲ ಎಂದಾದರೂ ನೆಟ್ಟಗಾದೀತೆ?

ಹರಿಹರದಿಂದ ಮೇಲಕ್ಕೆ, ಉಕ್ಕಡಗಾತ್ರಿಯ ದಿಕ್ಕಿಗೆ ಹೋದರೆ ಕರೇಮಡು. ಬೇಸಿಗೆಯಲ್ಲೂ ಆಳ ತಪ್ಪದ ಜಾಗ. ಆ ದಡದವರದು ಒಂದು ಪದ್ಧತಿ: ಕಾಯಿಲೆ ವಾಸಿಯಾದರೆ ಮೀನಿಗೆ ಮೂಗುತಿ ಹಾಕಿ ಬಿಡುತ್ತಾರೆ. ಅಂಥ ಹರಕೆ ಮೀನು ಬಲೆಗೆ ಬಿದ್ದರೆ ಕೈಮುಗಿದು ನೀರಿಗೆ ಬಿಡಬೇಕು, ಅದು ಸೇರಿದ ಮಡುವಿಗೆ ಬಲೆಯನ್ನೇ ಹಾಕಬಾರದು. ನಮ್ಮ ಬಿಲ್ಲೆ ಕಂಡ ಬೆಸ್ತರು ಇದೂ ಹರಕೆಯೇ ಇರಬೇಕೆಂದು ದುರುಗವ್ವನನ್ನು ಕೇಳಿದರು. "ಹೌದ್ರಿ, ದಾವಣಗೆರೆ ಅಕ್ಕಾರ ಹರಕೆ. ಮುಟ್ಟಬ್ಯಾಡ್ರಿ" ಎಂದುಬಿಟ್ಟಳು. ತೋಟಾದವರಿಂದ ಮಡು ಉಳಿಯಲಿ ಎಂಬುದು ಅವಳ ಲೆಕ್ಕ. ನಮಗೆ ಮಾತ್ರ ಇದರ ಸುಳಿವೂ ಕೊಡಲಿಲ್ಲ. ಇತ್ತ ಅವಳ ಅಕ್ಕಾರು, ಅಂದರೆ ನಮ್ಮ ಮೇಡಂ, ಖಾಲಿ ರಿಜಿಸ್ಟರಿನ ಮುಂದೆ ಕೂತು ಮೀನೆಲ್ಲ ಸತ್ತವೇನೋ ಎಂದು ಕೊರಗುತ್ತಿದ್ದರು.

೧೯೬೪ರ ಮಾರ್ಚ್, ಬೆಳಿಗ್ಗೆ ಹತ್ತು ಗಂಟೆ. ನೀರಿನ ಸೀಸೆ ತುಂಬಿಸಲು ಕರೇಮಡುವಿನತ್ತ ಹೋಗುತ್ತಿದ್ದೆವು. ಧಡ್ ಎಂದು ಸದ್ದಾಯಿತು, ಹರಿಗೋಲು ತಳದಿಂದ ಅದುರಿತು. ನೋಡನೋಡುತ್ತ ಮಡುವಿನ ತುಂಬ ಬಿಳಿ ಹೊಟ್ಟೆ. ಕಿವಿರಿನಿಂದ ರಕ್ತ ಸುರಿಯುತ್ತಿದ್ದ ಒಂದು ಗೆಂಡೆ ನಮ್ಮ ಪಕ್ಕದಲ್ಲೇ ಗಿರಗಿರನೆ ಸುತ್ತಿ ಸತ್ತಿತು. ಅದರ ಬೆನ್ನಲ್ಲಿ ಬಿಲ್ಲೆ ಇತ್ತು.

ದಡದಲ್ಲಿ ಮೀನು ಬಾಚುತ್ತಿದ್ದವನು ಭರಮಣ್ಣ. ಹೊಲಗಳಿಂದ ಮೂವತ್ತು ನಲವತ್ತು ಜನ ಓಡಿಬಂದರು. "ಹರಕೆ ಮೀನು ಕೊಂದಾನ!" ಎಂದು ಒಬ್ಬ ಕೂಗಿದ್ದೇ ತಡ, ದೊಣ್ಣೆ ಬಿತ್ತು. ಮೊದಲ ಏಟಿಗೆ ಹಲ್ಲು ಉದುರಿದವು, ಎರಡನೆಯದಕ್ಕೆ ಮಂಡಿ ಮುರಿಯಿತು. ಇಬ್ಬರು ಅವನ ಬಲಗೈ ಹಿಡಿದು ಬಂಡೆಯ ಮೇಲೆ ಚಾಚಿದರು, ಮೂರನೆಯವನು ಕಲ್ಲಿನಿಂದ ಜಜ್ಜಿದ. ಎಲುಬು ಒಡೆದ ಸದ್ದು ನಮಗೆ ಕೇಳಿಸಿತು.

ಅದೇ ಹೊತ್ತಿಗೆ ಮೇಡಂ ನೀರಿಗೆ ಬಾಗಿ, "ನಬೀ, ನೂರಾ ಹದಿನಾಲ್ಕು! ಸೇತುವೆ ಕೆಳಗೆ ಬಿಟ್ಟದ್ದು! ಮೇಲಕ್ಕೆ ಬಂದಿವೆ ಕಣೋ, ಇಲ್ಲಿಗೇ ಬಂದಿವೆ!" ಎನ್ನುತ್ತ ಬಿಲ್ಲೆ ಬಿಚ್ಚುತ್ತಿದ್ದರು. ಅಲ್ಲಿ ಒಬ್ಬ ಸಾಯುತ್ತಿದ್ದ, ಇವರ ಕಣ್ಣಲ್ಲಿ ನೀರು ಬಂದಿತ್ತು, ಸಂತೋಷಕ್ಕೆ. ನನಗೆ ಅಸಹ್ಯವಾಯಿತು. ಆದರೂ ನಾನು ಬಿಲ್ಲೆ ಆಯುತ್ತಲೇ ಇದ್ದೆ. ಅದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ದುರುಗವ್ವ ಹುಟ್ಟು ಹಿಡಿದು ಕಲ್ಲಿನಂತೆ ಕೂತಿದ್ದಳು. ಮೈದುನ ಸಾಯುವುದನ್ನು ನೋಡಲು ಅವಳಷ್ಟು ಕಾದವರು ಯಾರೂ ಇರಲಿಲ್ಲ. ಗುಂಪಿನವನೊಬ್ಬ ಮಗ್ಗುಲಿಂದ ದೊಡ್ಡ ಗುಂಡುಕಲ್ಲು ಎತ್ತಿಕೊಂಡ, ತಲೆಯ ಮೇಲೆ ಹಾಕಲು.

"ಸುಮ್ನಿರು ದುರುಗವ್ವಾ, ನಿನ್ನೂ ಕೊಲ್ತಾರ" ಎಂದೆ, ಆಕೆ ಎದ್ದದ್ದು ಕಂಡು.

ಆಕೆ ನೀರಿಗೆ ಹಾರಿ, ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ, ಭರಮಣ್ಣನ ಮೇಲೆ ಅಡ್ಡ ಬಿದ್ದಳು.

"ಹೊಡೀಬ್ಯಾಡ್ರಿ! ಅವು ಹರಕೆ ಮೀನಲ್ಲ. ಕಾಲೇಜಿನೋರು ಕಟ್ಟಿದ ನಂಬರು. ಹರಕೆ ಅಂತ ಸುಳ್ಳು ಹೇಳಿದಾಕಿ ನಾನು!"

ಕಲ್ಲು ಎತ್ತಿದವನು ಅದನ್ನು ಪಕ್ಕಕ್ಕೆ ಹಾಕಿದ. ಆಮೇಲೆ ಅದೇ ದೊಣ್ಣೆಗಳು ಅವಳ ಮೇಲೆ ಬಿದ್ದವು. ದೇವರ ಹೆಸರಲ್ಲಿ ಮೋಸ ಮಾಡಿದಳಲ್ಲ! ಮೇಡಂ ಚೀರುತ್ತ ನೀರಿಗಿಳಿದು ಹೋಗಿ ನಡುವೆ ನಿಂತರು, ಅವರ ಹಣೆಯೂ ಒಡೆಯಿತು. ಪಟ್ಟಣದ ಹೆಂಗಸಿನ ರಕ್ತ ಕಂಡ ಮೇಲೆ ಜನ ಹಿಂದೆ ಸರಿದರು. ಹೋಗುವಾಗ ನಮ್ಮ ಹರಿಗೋಲನ್ನು ದಡಕ್ಕೆಳೆದು ಕೊಡಲಿಯಿಂದ ಸೀಳಿ ಹೋದರು.

ಭರಮಣ್ಣ ಬದುಕಿದ, ಬಲಗೈ ಇಲ್ಲದೆ. ಅತ್ತಿಗೆಯನ್ನು ನೋಡಲು ಒಮ್ಮೆಯೂ ಬರಲಿಲ್ಲ. ದುರುಗವ್ವನ ಭುಜ ಸೊಟ್ಟಗೆ ಕೂಡಿಕೊಂಡಿತು, ಹುಟ್ಟು ಹಾಕಲು ಆಗಲಿಲ್ಲ. ದಾವಣಗೆರೆಯ ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಕೆಲಸಕ್ಕೆ ಸೇರಿದಳು.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಾಲೇಜಿಗೆ ಬಂದಳು. ಮೇಡಂ ಎದ್ದು ಕುರ್ಚಿ ಕೊಟ್ಟರು, ಅವಳು ನೆಲದ ಮೇಲೇ ಕೂತಳು. ಹಣೆಯ ಹೊಲಿಗೆಯ ಗುರುತು ಇನ್ನೂ ಕೆಂಪಾಗಿದ್ದ ಮೇಡಂ ಅವಳನ್ನು ಸಂತೋಷಪಡಿಸಲೆಂದು ರಿಜಿಸ್ಟರ್ ತೆರೆದು ತೋರಿಸಿದರು.

"ನೋಡು ದುರುಗವ್ವ, ಈಗ ವಾರ ವಾರ ಬಿಲ್ಲೆ ಬರ್ತಿವೆ. ಎಲ್ಲಾ ಕರೇಮಡುವಿನಿಂದಲೇ. ಬೆಸ್ತರು ತಾವಾಗಿಯೇ ತಂದು ಕೊಡ್ತಾರೆ."

"ತರ್ತಾರ್ರಿ ಅಕ್ಕಾರೆ" ಎಂದಳು ದುರುಗವ್ವ. "ಹರಕೆ ಅಲ್ಲ ಅಂತ ಗೊತ್ತಾತಲ್ರಿ. ಬಲೆ ಹಾಕ್ಯಾರ, ತೋಟಾನೂ ಹಾಕ್ಯಾರ. ಮೀನು ತೀರೋತನಕ ತರ್ತಾರ."

ಮೇಡಂ ರಿಜಿಸ್ಟರ್ ಮುಚ್ಚಲಿಲ್ಲ, ಮುಂದಿನ ನಂಬರನ್ನು ಬರೆಯಲೂ ಇಲ್ಲ.