ಕಂಬಳಿ ಹೊದ್ದ ಗಾಜಿನ ಪೆಟ್ಟಿಗೆ

ಶಿರಗುಪ್ಪಿಯ ಶೇವಂತಾ ಟೇಪು ಹಿಡಿಯದೆ ರವಿಕೆ ಕತ್ತರಿಸುತ್ತಾಳೆ. ಬಂದವಳನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ತಿರುಗಿಸಿ ನೋಡಿದರೆ ಸಾಕು, ಕತ್ತರಿ ಬಟ್ಟೆಯ ಮೇಲೆ ಹೊರಟುಬಿಡುತ್ತದೆ. ಅವಳ ಕಣ್ಣಿನ ಬಗ್ಗೆ ಊರಿನಲ್ಲಿ ಅಷ್ಟು ನಂಬಿಕೆ. ಹೊಲಿಗೆ ಯಂತ್ರವನ್ನು ಅವಳು ಬಾಗಿಲಿಗೆ ಎದುರಾಗಿ ಇಟ್ಟಿದ್ದಾಳೆ. ಬೆಳಕಿಗಾಗಿ ಎನ್ನುತ್ತಾಳೆ. ಆದರೆ ಆ ಬಾಗಿಲಿನಿಂದ ನೇರವಾಗಿ ಕಾಣುವುದು ಅಂಗಳದಾಚೆಯ ಮೈದುನನ ಮನೆಯ ಪಡಸಾಲೆ.

ಮೈದುನ ಮಾಳಸಿದ್ದ ಟೆಂಪೊ ಓಡಿಸುತ್ತಾನೆ. ಅವನ ಹೆಂಡತಿ ಮನಿಷಾ ಇಚಲಕರಂಜಿಯ ಕಡೆಯವಳು. ಅವಳು ಈ ಮನೆಗೆ ಕಾಲಿಟ್ಟ ದಿನದಿಂದ ಶೇವಂತಾಳ ಹೊಟ್ಟೆಯಲ್ಲಿ ಒಂದು ಒಲೆ ಹೊತ್ತಿಕೊಂಡಿತು. ಮನಿಷಾಳ ಕನ್ನಡಿ ಕಪಾಟು, ಮನಿಷಾಳ ಮರಾಠಿ ನಗು, ಮನಿಷಾ ಹಾಕಿದ ಮಲ್ಲಿಗೆ ಬಳ್ಳಿ ಮೊದಲ ವರ್ಷವೇ ಮೊಗ್ಗು ಬಿಟ್ಟಿದ್ದು, ಎಲ್ಲವೂ ಅದಕ್ಕೆ ಸೌದೆಯಾದವು.

"ಉರೀತಿತ್ತರಿ, ಯಾಕ ಸುಳ್ಳ ಹೇಳ್ಲಿ?" ಎಂದು ಶೇವಂತಾ ಗುಂಡಿ ಹಚ್ಚುತ್ತ ನನಗೆ ಹೇಳಿದ್ದಳು. "ಬೀರದೇವರ ಮುಂದ ನಿಂತು ಕೇಳ್ಕೊತಿದ್ದೆ, ಅಕಿಗೂ ಒಳ್ಳೇದ ಮಾಡಪಾ, ಆದ್ರ ಸ್ವಲ್ಪ ತಡಾ ಮಾಡಿ ಮಾಡು ಅಂತ."

ದೇವರ ಮುಂದೆ ನಾವೆಲ್ಲ ಒಗೆದ ಮನಸ್ಸನ್ನು ಮಡಿಚಿಕೊಂಡು ಹೋಗುತ್ತೇವೆ. ಶೇವಂತಾ ಮಾಸಿದ್ದನ್ನೇ ಒಯ್ಯುತ್ತಾಳೆ. ಅದಕ್ಕೇ ಇರಬೇಕು, ಅವಳ ಮಾತು ಕೇಳುತ್ತ ಕೂರಲು ನನಗೆ ಬೇಸರವಾಗುವುದಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಮಾಳಸಿದ್ದ ನಿಪ್ಪಾಣಿಯಿಂದ ಒಂದು ದೊಡ್ಡ ಗಾಜಿನ ಪೆಟ್ಟಿಗೆ ತಂದ. ಅಲ್ಲಿ ಸಾಕುಮೀನಿನ ಅಂಗಡಿ ಇಟ್ಟಿರುವ ಅಕೀಬ ಅವನ ಗೆಳೆಯ. ಎಲ್ಲರ ಮನೆಯಲ್ಲಿರುವಂಥ ಬಂಗಾರದ ಬಣ್ಣದ ಮೀನು ಸಾಕುವುದಲ್ಲ, ಉಪ್ಪು ನೀರಿನಲ್ಲಿ ಸಮುದ್ರದ ಮೀನನ್ನೇ ಸಾಕುವುದು. ಉಪ್ಪಿನ ಪುಡಿ, ಗಾಳಿಯ ಮೋಟಾರು, ನೀಲಿ ದೀಪ ಎಲ್ಲವನ್ನೂ ಅಕೀಬ ಕೊಟ್ಟ. ಕಲ್ಲನ್ನು ಮಾತ್ರ ಸಮುದ್ರದಿಂದಲೇ ತರಬೇಕೆಂದ.

ಮನೆಯವರೆಲ್ಲ ಕಡಲ ದಂಡೆಯ ಕುಣಕೇಶ್ವರಕ್ಕೆ ಹೊರಟಿದ್ದರು. ದೇವರ ದರ್ಶನವೂ ಆಯಿತು, ಕಲ್ಲೂ ಆಯಿತು ಎಂದು ಟೆಂಪೊ ಹತ್ತಿದರು. ಅಕೀಬ ಫೋನಿನಲ್ಲಿ ಹೇಳಿದ್ದನ್ನು ಮಾಳಸಿದ್ದ ಎಲ್ಲರಿಗೂ ಕೇಳಿಸಿದ್ದ: "ಕೆಂಪ ಕಲ್ಲ ಬ್ಯಾಡ, ನೀರಿಗೆ ತುಕ್ಕ ಬಿಡ್ತೈತಿ. ತೂತ ಇರೂದು, ಹಗೂರ ಇರೂದು ತರ್ರಿ. ತಂದ ಮ್ಯಾಲ ಬ್ಯಾರೇ ಬುಟ್ಟ್ಯಾಗ ಉಪ್ಪನೀರ ಹಾಕಿ ತಿಂಗಳೊಪ್ಪತ್ತ ನೆನೀ ಇಡ್ರಿ. ಒಳಗ ಏನೇನ ಕುಂತಿರತಾವೊ, ಹೊರಗ ಬರ್ಲಿ."

ಮನಿಷಾ ಅಲೆಗೆ ಕಾಲು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತ, ನುಣ್ಣಗೆ ಹೊಳೆಯುವ ಕಲ್ಲುಗಳನ್ನು ಸೆರಗಿಗೆ ತುಂಬಿಕೊಂಡಳು. ಶೇವಂತಾ ಸೀರೆಯನ್ನು ಮೊಳಕಾಲಿಗೆ ಸಿಕ್ಕಿಸಿ, ಗುಡಿಯ ಹಿಂದಿನ ಬಂಡೆಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ನೋಡಿದಳು. ಅಲ್ಲಿ ಅವಳಿಗೆ ಆ ಕಲ್ಲು ಸಿಕ್ಕಿತು. ಕೂತ ಕುರಿಮರಿಯಂತೆ ಇತ್ತು. ಮೈತುಂಬ ತೂತು, ಬೆನ್ನಮೇಲೆ ಅಂಟಿದ ಬಿಳಿ ಚಿಪ್ಪು, ಹೊಟ್ಟೆಯ ಕೆಳಗೆ ತಿಳಿ ಗುಲಾಬಿ ಬಣ್ಣ. ಒದ್ದೆ ಗೋಣಿಯಲ್ಲಿ ಸುತ್ತಿ, ಘಟ್ಟ ಹತ್ತಿ ಊರು ಸೇರುವವರೆಗೂ ಅವಳು ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಕೂಸ ಹಿಡದಂಗ ಹಿಡದಾಳ ನೋಡ," ಎಂದು ಅವಳ ಗಂಡ ಸತ್ಯಪ್ಪ ದಾರಿಯುದ್ದಕ್ಕೂ ನಕ್ಕ.

ಅಕೀಬ ಬಂದು ನೋಡಿ ಮನಿಷಾಳ ಕಲ್ಲುಗಳನ್ನೆಲ್ಲ ಅಂಗಳಕ್ಕೆ ಎಸೆದ. ಶೇವಂತಾಳ ಕಲ್ಲಿನ ಮೇಲೆ ಲಿಂಬೆ ಹಿಂಡಿದಾಗ ಸುಣ್ಣದಂತೆ ನೊರೆ ಬಂತು. "ಹಾಂ, ಇದು ಕಲ್ಲು!" ಎಂದ. ಶೇವಂತಾಳ ಮುಖ ಅರಳಿತು. ಅವಳ ಜನ್ಮದಲ್ಲಿ ಮನಿಷಾಳ ಮುಂದೆ ಅವಳು ಗೆದ್ದದ್ದು ಅದೊಂದೇ.

ಆ ಗೆಲುವು ಬಹಳ ದಿನ ಉಳಿಯಲಿಲ್ಲ. ಮನಿಷಾಳ ತವರಿನವರು ಬರುವವರಿದ್ದರು. ಅವರು ಬರುವಷ್ಟರಲ್ಲಿ ಪೆಟ್ಟಿಗೆ ಸಿದ್ಧವಾಗಬೇಕು ಎಂದು ಅವಳು ಕಲ್ಲನ್ನು ನಾಲ್ಕು ದಿನವೂ ನೆನೆಹಾಕದೆ ಒಳಗಿಟ್ಟುಬಿಟ್ಟಳು. ಅಕೀಬನಿಗೆ ಹೇಳಲಿಲ್ಲ. ಕೆಲವು ವಾರ ಕಳೆದು ಅವನು ಮೀನು ತಂದು ಬಿಟ್ಟ. ಕಿತ್ತಳೆ ಮೈಗೆ ಬಿಳಿ ಪಟ್ಟಿಯವು, ಕಡುನೀಲಿಯವು. ದೀಪ ಹಾಕಿದರೆ ಕುರಿಮರಿಯಂಥ ಕಲ್ಲಿನ ಸುತ್ತ ಅವು ಸುಳಿದಾಡುವುದನ್ನು ನೋಡಲು ಕಾಗವಾಡದಿಂದಲೂ ಜನ ಬಂದರು.

"ಅಗಂ ಬಾಈ, ಎಂಥಾ ಚಂದ ಕಲ್ಲ! ಯಾರ ತಂದಾರ?" ಎಂದು ಬಂದವರು ಕೇಳುತ್ತಿದ್ದರು.

"ನಾವ ತಂದೇವ್ರಿ ಕುಣಕೇಶ್ವರದಿಂದ. ಆರಿಸಿ ಆರಿಸಿ ನನಗ ಸಾಕಾಗಿ ಹೋತು," ಎನ್ನುತ್ತಿದ್ದಳು ಮನಿಷಾ. ಫೋನಿನ ಸ್ಟೇಟಸ್ಸಿನಲ್ಲಿಯೂ ಕಲ್ಲಿನ ಚಿತ್ರ ಹಾಕಿ 'ನನ್ನ ಸಿಲೆಕ್ಷನ್' ಎಂದು ಬರೆದಳು.

ಅಂಗಳದಾಚೆ ಯಂತ್ರದ ಚಕ್ರ ಗಕ್ಕನೆ ನಿಂತುಬಿಡುತ್ತಿತ್ತು. ಶೇವಂತಾಳಿಗೆ ಬೇಕಾಗಿದ್ದು ಒಂದೇ ಮಾತು, 'ಇದನ್ನ ನಮ್ಮ ಅಕ್ಕಾರು ಆರಿಸ್ಯಾರ' ಎಂಬುದು. ಅದಕ್ಕಾಗಿ ಅವಳು ಮಜ್ಜಿಗೆ ಕೇಳುವ ನೆಪ, ಸೂಜಿ ಹುಡುಕುವ ನೆಪ ಮಾಡಿಕೊಂಡು ಜನ ಬಂದಾಗಲೆಲ್ಲ ಆ ಪಡಸಾಲೆಗೆ ಹೋಗಿ ನಿಲ್ಲುತ್ತಿದ್ದಳು. ಎವೆ ಇಕ್ಕದೆ ಗಾಜಿನೊಳಗೆ ನೋಡುತ್ತಿದ್ದಳು. ಆ ಮಾತು ಮನಿಷಾಳ ಬಾಯಿಂದ ಬರಲಿಲ್ಲ.

ಆಮೇಲೆ ಮೀನು ಸಾಯತೊಡಗಿದವು.

ಮೊದಲು ಒಂದು ನೀಲಿ ಮೀನು ಬೆಳಗಾಗುವಷ್ಟರಲ್ಲಿ ಕಾಣೆಯಾಯಿತು. ಇನ್ನೊಂದರ ಅರ್ಧ ಮೈ ಮಾತ್ರ ತೇಲುತ್ತಿತ್ತು. ಅಕೀಬ ಬಂದು ನೀರು ನೋಡಿ ಸರಿಯಾಗಿದೆ ಎಂದ. ಅತ್ತೆ ಸಾವಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಎದ್ದಿತು, ಎಲ್ಲರೂ ಕೆಮ್ಮಿದರು. ಮರುದಿನ ಮತ್ತೊಂದು ಮೀನು ಇರಲಿಲ್ಲ.

"ಯಾರ ಕಣ್ಣ ಬಿದ್ದಾವೊ, ನೋಡಾಕ ಬರೂ ಮಂದಿ ಒಬ್ಬರಽ ಇಬ್ಬರಽ?" ಎಂದಳು ಸಾವಕ್ಕ.

"ಹೊರಗಿನ ಮಂದಿ ನೋಡಿ ಹೋಗಿಬಿಡ್ತಾರ್ರಿ ಅತ್ತಿ," ಎಂದಳು ಮನಿಷಾ, ದನಿಯನ್ನು ಅಂಗಳ ದಾಟುವಷ್ಟು ಎತ್ತರಿಸಿ. "ಮನ್ಯಾಗಿನ ಕಣ್ಣ ಎಲ್ಲಿ ಹೋಗ್ತಾವ?"

ಶೇವಂತಾಳ ಕೈಯಲ್ಲಿದ್ದ ಸೂಜಿ ಬೆರಳಿಗೆ ನಾಟಿತು. ಅವಳು ಎದ್ದು ಜಗಳಕ್ಕೆ ಹೋಗಲಿಲ್ಲ. ಹೋಗುವ ಧೈರ್ಯವಾಗಲಿಲ್ಲ. "ಖರೇನ ನನ್ನ ಕಣ್ಣಽ ತಾಗ್ಯಾವ ಅಂದ್ಕೊಂಡೆರಿ," ಎಂದಳು ನನ್ನ ಹತ್ತಿರ. "ಅಷ್ಟ ಉರೀತಿತ್ತಲ್ಲ. ಉರಿ ಇದ್ದಲ್ಲೆ ಏನರ ಸುಡಬೇಕಲ್ಲ?" ಕೆಲವು ದಿನ ರವಿಕೆಯ ಅಳತೆಗೂ ಅವಳು ಯಾರನ್ನೂ ದಿಟ್ಟಿಸಿ ನೋಡಲಿಲ್ಲವಂತೆ. ಟೇಪು ಹುಡುಕಿ ತೆಗೆದಳು. ಊರವರಿಗೆ ಅದೇ ಸಾಕಾಯಿತು, ಏನೋ ಆಗಿದೆ ಎಂದು ಮಾತಾಡಿಕೊಂಡರು.

ಸಾವಕ್ಕ ಟ್ರಂಕಿನಿಂದ ಮಾವನ ಕಾಲದ ಕರಿಯ ಕಂಬಳಿ ತೆಗೆದಳು. ಕುರಿ ಕಾಯುವಾಗ ಮಳೆಗೂ ಚಳಿಗೂ ಹೊದ್ದಿದ್ದು, ಬೀರದೇವರ ಮುಂದೆ ಹಾಸಿ ಭಂಡಾರದ ಅರಿಶಿನ ಬಿದ್ದಿದ್ದು. ಅದಕ್ಕಿಂತ ದೊಡ್ಡ ಕಾವಲು ಆ ಮನೆಯಲ್ಲಿಲ್ಲ. ಅದನ್ನು ಪೆಟ್ಟಿಗೆಯ ಮೇಲೆ ನೆಲ ಮುಟ್ಟುವಂತೆ ಹೊದಿಸಿದರು. ಮೀನಿಗೆ ಕಾಳು ಹಾಕುವಾಗ ಬಿಟ್ಟು ಯಾರೂ ಎತ್ತಬಾರದು ಎಂದು ಸಾವಕ್ಕ ಹೇಳಿದಳು. ಯಾರೂ ಎಂದರೆ ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಸಂತೆಯ ದಿನ ಸಾವಕ್ಕ, ಮನಿಷಾ ಇಬ್ಬರೂ ಚೀಲ ಹಿಡಿದು ಹೋದರು. ಬಾಗಿಲು ಬರೀ ಮುಂದೆ ಮಾಡಿತ್ತು, ಬೀಗ ಹಾಕಿರಲಿಲ್ಲ. ಶೇವಂತಾ ಅಂಗಳ ದಾಟಿದಳು. ಮೀನು ನೋಡಲು ಅಲ್ಲ, ತನ್ನ ಕಲ್ಲು ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು. ಬೀರದೇವರ ಹೆಸರು ಹಿಡಿದು ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಮೊಬೈಲಿನ ಬೆಳಕು ಬಿಟ್ಟಳು.

ಹಾಡುಹಗಲಲ್ಲೇ ಒಳಗೆ ರಾತ್ರಿಯಾಗಿತ್ತು. ಆ ಕತ್ತಲೆಯನ್ನು ನಂಬಿ ಅವಳ ಕಲ್ಲಿನ ಹೊಟ್ಟೆಯ ತೂತಿನಿಂದ ಒಂದು ಏಡಿ ಹೊರಗೆ ಬಂದು ಕೂತಿತ್ತು. ಸಣ್ಣ ಲಿಂಬೆಹಣ್ಣಿನಷ್ಟು. ಕಾಲತುಂಬ ಕೂದಲು, ಕೊಂಡಿಯ ತುದಿ ಕಪ್ಪು. ಕಿತ್ತಳೆ ಮೀನೊಂದನ್ನು ಹಿಡಿದು ಸಾವಕಾಶವಾಗಿ ಹರಿದು ಬಾಯಿಗೆ ಇಟ್ಟುಕೊಳ್ಳುತ್ತಿತ್ತು.

ಶೇವಂತಾಳಿಗೆ ಮೊದಲು ಬಂದದ್ದು ನಗು. ತನ್ನ ಕಣ್ಣಲ್ಲ! ಆಮೇಲೆ ಕಂಬಳಿ ಬಿಟ್ಟು, ತನ್ನ ಮನೆಗೆ ಬಂದು ಯಂತ್ರದ ಮುಂದೆ ಕೂತಳು. ಸುಮ್ಮನಿದ್ದರೆ ಉಳಿದ ಒಂದೆರಡೂ ಹೋಗುತ್ತವೆ. ಪೆಟ್ಟಿಗೆ ಖಾಲಿಯಾಗುತ್ತದೆ. ಕಾಗವಾಡದ ಮಂದಿ ಬರುವುದು ನಿಲ್ಲುತ್ತದೆ. ಆದರೆ ಮೀನು ತಿಂದ ಕಣ್ಣು ಎಂದು ಹೆಸರು ಮಾತ್ರ ಉಳಿಯುತ್ತದೆ. ಹೇಳಿದರೆ ಕಂಬಳಿ ಎತ್ತಿದ್ದು ತಿಳಿಯುತ್ತದೆ, ಏಡಿ ಬಂದದ್ದು ತನ್ನ ಕಲ್ಲಿನಲ್ಲಿ ಎಂಬುದೂ ತಿಳಿಯುತ್ತದೆ. "ದೇವರ ಮ್ಯಾಲ ಆಣಿ, ಎರಡು ರವಿಕಿ ಹೊಲಿಯೂತನಕ ಸುಮ್ಮನ ಕುಂತೆರಿ," ಎಂದಳು ನನಗೆ. "ಎರಡೂ ತೋಳ ಉಲ್ಟಾ ಕೂಡಿಸಿದ್ದೆ."

ಸಂತೆಯಿಂದ ಬಂದವರು ಚೀಲ ಇಳಿಸುವ ಮೊದಲೇ ಅವಳು ಹೋಗಿ ನಿಂತಳು.

"ನಿನ್ನ ಮೀನ ತಿನ್ನೂ ಕಣ್ಣ ಸಿಕ್ಕಾವ. ಬಾ, ತೋರಸ್ತೀನಿ."

"ಕಂಬಳಿ ಎತ್ತೀರೇನ ಅಕ್ಕಾರ?" ಮನಿಷಾಳ ಹುಬ್ಬು ಮೇಲೇರಿತು.

"ಎತ್ತೇನಿ. ನೀನೂ ಎತ್ತು. ಸಾವಕಾಶ."

ಏಡಿಯನ್ನು ನೋಡಿ ಮನಿಷಾ ಚೀರಿದಳು. ಸಾವಕ್ಕ ಬಗ್ಗಿ ನೋಡಿ, "ಅಯ್ಯ ಇವನ, ಮನಿ ಅಳಿಯನಂಗ ಕುಂತ ಉಣ್ಣಾಕತ್ತಾನಲ್ಲೇ!" ಎಂದಳು. ಶೇವಂತಾ ತೋಳೇರಿಸಿ ಕೈ ಇಳಿಸಿದಳು. ಏಡಿ ಸರಕ್ಕನೆ ತೂತು ಸೇರಿತು. ಕಲ್ಲಿನ ಸಮೇತ ಅದನ್ನು ಎತ್ತಿ ಬಕೆಟ್ಟಿಗೆ ಹಾಕಿದಳು.

"ಯಾರ ಕಲ್ಲಬೇ ಅದು?" ಸಾವಕ್ಕ ಗೊತ್ತಿದ್ದೂ ಕೇಳಿದಳು.

"ಅದು ಅಕ್ಕಾರು ಆರಿಸಿದ್ದರಿ," ಎಂದಳು ಮನಿಷಾ ತಟ್ಟನೆ. "ನಾ ಅಲ್ಲ."

ಇಷ್ಟು ತಿಂಗಳು ಕಾದ ಮಾತು. ಬಂದೇ ಬಿಟ್ಟಿತು. ಶೇವಂತಾ ಒದ್ದೆ ಕೈಯನ್ನು ಸೊಂಟಕ್ಕಿಟ್ಟು ನೋಡಿದಳು. "ಈಗ ನೆನಪಾತೇನ? ಆರಿಸಿ ಆರಿಸಿ ಸಾಕಾಗಿತ್ತಲ್ಲ ನಿನಗ? ನಾ ಆರಿಸಿದ್ದು ಖರೆ. ತಿಂಗಳೊಪ್ಪತ್ತ ನೆನೀ ಇಡ ಅಂದಿದ್ದು ಯಾರಿಗೆ?"

ಅಕೀಬನಿಗೆ ಫೋನು ಹೋಯಿತು. ಏಡಿಯನ್ನು ತೆಗೆದುಹಾಕಿ ಕಲ್ಲು ಮರಳಿ ಇಡಿ ಎಂದ.

"ಕಲ್ಲ ನಂದು. ಹೊರಳಿ ಕೊಡೂದಿಲ್ಲ," ಎಂದು ಶೇವಂತಾ ಬಕೆಟ್ಟು ಎತ್ತಿಕೊಂಡು ಅಂಗಳ ದಾಟಿದಳು. "ಆ ಕಂಬಳೀನೂ ಕೊಡ್ರಿ ಅತ್ತಿ, ಇನ್ನ ಅಲ್ಲೇನ ಕೆಲಸ ಅದಕ್ಕ?"

ಈಗ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಅಗಲವಾದ ಟಬ್ಬು ಇದೆ. ಅದರಲ್ಲಿ ಕುರಿಮರಿಯಂಥ ಕಲ್ಲು, ಕಲ್ಲಿನ ಹೊಟ್ಟೆಯಲ್ಲಿ ಏಡಿ. ಸತ್ಯಪ್ಪ ತಂದ ಒಣ ಸೀಗಡಿಯನ್ನು ನೆನೆಸಿ ತೋರಿಸಿದರೆ ಅದು ಕೊಂಡಿ ಚಾಚಿ ತೆಗೆದುಕೊಳ್ಳುತ್ತದೆ. ರವಿಕೆಗೆ ಬಂದ ಹೆಂಗಸರೆಲ್ಲ ಅದಕ್ಕೊಂದು ಚೂರು ಕೊಡದೆ ಹೋಗುವುದಿಲ್ಲ. ಟೇಪು ಮತ್ತೆ ಗೂಟಕ್ಕೆ ಹೋಗಿದೆ. ಮನಿಷಾಳ ಪೆಟ್ಟಿಗೆಯಲ್ಲಿ ಹೊಸ ಮೀನು ಬಂದಿವೆ, ಆದರೆ ನಡುವೆ ಕಲ್ಲಿಲ್ಲದೆ ಅದು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ.

ಮೊನ್ನೆ ನಾನು ಅಲ್ಲಿದ್ದಾಗ ಮನಿಷಾ ಕೊಡದಲ್ಲಿ ಉಪ್ಪು ನೀರು ತಂದಳು. ಏಡಿಗೆ ನೀರು ಅವಳೇ ಬೆರೆಸಿ ತರುತ್ತಾಳೆ, ಅದು ಅತ್ತೆಯ ತೀರ್ಪು. ನೀರು ಸುರಿದ ಮೇಲೂ ಹೋಗಲಿಲ್ಲ. ಇಬ್ಬರು ಹುಡುಗಿಯರು ಏಡಿಗೆ ಸೀಗಡಿ ಕೊಟ್ಟು ಕಿಲಕಿಲ ನಗುತ್ತಿದ್ದರು. ಅವಳು ಎವೆ ಇಕ್ಕದೆ ಕಲ್ಲನ್ನೇ ನೋಡುತ್ತ ನಿಂತಳು.

"ಏಡಿ ನೀವಽ ಇಟ್ಕೋರಿ ಅಕ್ಕಾರ. ಕಲ್ಲಷ್ಟ ಕೊಡ್ರಿ."

"ಅದರ ಮನೀನ ಅದು. ಎಲ್ಲಿಗೆ ಹೋಗಬೇಕು ಪಾಪ?" ಶೇವಂತಾ ದಾರ ಕಚ್ಚಿ ಕತ್ತರಿಸಿದಳು. "ಮೊದಲ ಸ್ಟೇಟಸ್ ತಿದ್ದು, ನೋಡೂಣು."

ಮನಿಷಾ ಖಾಲಿ ಕೊಡವನ್ನು ಟಣ್ಣನೆ ಬಾಗಿಲಿಗೆ ತಾಗಿಸಿಕೊಂಡು ಹೋದಳು. ಅವಳು ಅಂಗಳ ದಾಟುವವರೆಗೆ ಕಾದು ಶೇವಂತಾ ಎದ್ದಳು. ಗೂಟದಿಂದ ಕರಿಯ ಕಂಬಳಿ ತೆಗೆದು, ಟಬ್ಬಿನ ಮೇಲೆ ನಾಲ್ಕೂ ಕಡೆ ಎಳೆದು ಸರಿಮಾಡಿದಳು.

"ಏಡಿ ಸಿಕ್ಕ ಮ್ಯಾಲೂ ಕಣ್ಣ ತಾಗೂದ ನಂಬ್ತೀಯೇನ?" ಎಂದೆ.

"ಅಕಿ ನೋಡಿದ್ದ ನೋಡಿದಿರಿಲ್ಲೊ?" ಎಂದಳು ಅವಳು ಯಂತ್ರಕ್ಕೆ ಮರಳುತ್ತ. "ನಾನೂ ಹಂಗ ನೋಡ್ತಿದ್ದೆ."